17 ವೋಲ್ಟಿನ ಪಂಡಿತ

ನಮ್ಮ ನೆಂಟರಿಷ್ಟರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು ನಾನೊಬ್ಬನೇ. ಯಾರ ಮನೆಯ ಮಿಕ್ಸಿ ಗೊರಗೊರ ಎಂದರೂ ಫೋನು ನನಗೇ. ಹಂಗಳದ ಹತ್ತಿರ, ಬಂಡೀಪುರ ಕಾಡಿನ ಅಂಚಿಗೆ ಜಮೀನಿರುವ ಭಾವ ಒಮ್ಮೆ, "ಸೋಲಾರ್ ಬೇಲಿ ಹೊಡೀತಿಲ್ಲ ಕಣೋ, ಹಂದಿ ನುಗ್ಗಿ ಸಣ್ಣ ಈರುಳ್ಳಿ ಮಡಿನೆಲ್ಲ ಉತ್ತು ಹಾಕವೆ" ಎಂದರು. ಹಳದಿ ಮಲ್ಟಿಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಆ ಕಡೆ ಬೇಲಿ ಕೆಟ್ಟರೆ ತಮಾಷೆಯಲ್ಲ. 2009ರಿಂದ ಕಾಡಿನ ಹೆದ್ದಾರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬೀಳುತ್ತದೆ. ಅದು ಲಾರಿ, ಕಾರುಗಳಿಗೆ. ಆನೆಗೆ ಅದೇ ಡ್ಯೂಟಿ ಟೈಮು. ದಂತಕ್ಕೆ ಶಾಕ್ ತಟ್ಟುವುದಿಲ್ಲವೆಂದು ಕಂಡುಕೊಂಡು, ದಂತದಲ್ಲೇ ತಂತಿ ಹರಿಯುವ ಆನೆಗಳಿವೆ. ಡಿಪ್ಲೊಮಾ ಇಲ್ಲದೆಯೇ.

ಬೇಲಿಯ ಪೆಟ್ಟಿಗೆಗೆ ಕರೆಂಟು ಕೊಡುವ 12 ವೋಲ್ಟಿನ ಬ್ಯಾಟರಿಗೆ ಮೀಟರ್ ಕಡ್ಡಿ ಇಟ್ಟೆ. 17! "ಚಾರ್ಜಿಂಗ್ ಮಿತಿ ಮೀರಿದೆ ಭಾವ, ಬ್ಯಾಟರಿ ಕುದ್ದುಹೋಗುತ್ತೆ" ಎಂದು ತೀರ್ಪು ಕೊಟ್ಟೆ. ಡಿಸ್‌ಪ್ಲೇ ಮೂಲೆಯಲ್ಲಿ ಪುಟ್ಟ ಬ್ಯಾಟರಿಯ ಚಿತ್ರ ಮೂಡಿತ್ತು. ಅದೇನೆಂದು ಭಾವ ಕೇಳಿದರು. "ಇಟ್ಟಿರೋದು ಬ್ಯಾಟರಿಗೆ ಅಂತ ಮೀಟರ್ ಗುರುತು ಹಿಡಿದಿದೆ" ಎಂದೆ. ಭಾವ ಬೆರಗಾದರು. ನಿಜ ಹೇಳಬೇಕೆಂದರೆ ನಾನೂ.

ಹೆಣಭಾರದ ಬ್ಯಾಟರಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು, ಕಾಲು ಎಲ್ಲಿಡುವುದೆಂದು ತಿಳಿಯದೆ ಗುಂಡ್ಲುಪೇಟೆ ಸೇರಿದೆ. ಬ್ಯಾಟರಿ ಅಂಗಡಿ ಹುಡುಗನ ಮೀಟರ್ 12.6 ಎಂದಿತು. "ನಿನ್ನ ಮೀಟರ್ ಕೆಟ್ಟಿದೆಯಪ್ಪ" ಎಂದೆ. ಅವನು ಮಾತಾಡದೆ ನನ್ನ ಮೀಟರನ್ನು ಅಂಗಡಿಯ ಹೊಸ ಬ್ಯಾಟರಿಗಿಟ್ಟ. 17. ಇನ್ನೊಂದಕ್ಕಿಟ್ಟ. ಅದೂ 17. "ಸಾರ್, ಮೂಲೇಲಿ ಬ್ಯಾಟರಿ ಗುರುತು ಬಂದೈತಲ್ಲ, ನಿಮ್ಮ ಮೀಟರಿನ ಸೆಲ್ಲೇ ಸತ್ತೈತೆ."

ಒಳಗಿನ 9 ವೋಲ್ಟಿನ ಸೆಲ್ ಸೊರಗಿದರೆ ಇಂಥ ಮೀಟರ್ ಮಂಕಾಗುವುದಿಲ್ಲ, ಬಡಾಯಿ ಕೊಚ್ಚುತ್ತದೆ. ಅಳೆಯಲು ಇಟ್ಟುಕೊಂಡ ಒಳಗಿನ ಮಾನವೇ ಕುಸಿದಾಗ ಹೊರಗಿನದೆಲ್ಲ ದೊಡ್ಡದಾಗಿ ಕಾಣುತ್ತದೆ. ಸೆಲ್ ಬದಲಿಸಿದೊಡನೆ 12.6.

ವಾಪಸ್ ಬಂದು ಜೋಡಿಸಿದರೆ ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತಿದೆ, ಬೇಲಿ ಮಾತ್ರ ಹೊಡೆಯುತ್ತಿಲ್ಲ. ಕಾವಲಿನ ತಾತ ಉದ್ದನೆಯ ಹಸಿ ಹುಲ್ಲಿನ ಎಸಳು ಕಿತ್ತು ಅದರ ತುದಿಯನ್ನು ತಂತಿಗೆ ತಾಗಿಸಿ, ಮೆಲ್ಲಗೆ ಮುಂದಕ್ಕೆ ಜಾರಿಸುತ್ತ ಬೆರಳನ್ನು ತಂತಿಯ ಹತ್ತಿರ ತಂದರು. ಹುಲ್ಲು ಗಿಡ್ಡವಾದಷ್ಟೂ ಚುರುಕು ಜಾಸ್ತಿ. ಅದೇ ಅವರ ಸ್ಕೇಲು. "ಸೋರ್ತಾ ಅದೆ ಸಾಮಿ" ಎನ್ನುತ್ತ ಬೇಲಿಗುಂಟ ನಡೆದರು.

ಹುಲ್ಲಿಗೆ ಸೋಲುವುದೇ? ಮೀಟರನ್ನು 1000 ವೋಲ್ಟಿಗೆ ತಿರುಗಿಸಿ ಒಂದು ಕಡ್ಡಿ ನೆಲಕ್ಕೆ, ಇನ್ನೊಂದು ತಂತಿಗೆ ಹಿಡಿದೆ. ಅಂಕಿಗಳು ಕುಣಿಯತೊಡಗಿದವು. ಬೇಲಿಯ ಏಟು ಸೆಕೆಂಡಿಗೊಮ್ಮೆ, ಅದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು ಬರುವಂಥದು. ಈ ಮೀಟರಿಗೆ ಅದು ಸಿಗುವುದೇ ಇಲ್ಲ. ಸಾಲದ್ದಕ್ಕೆ ನೆಟ್ಟಗಿರುವ ಬೇಲಿಯಲ್ಲಿ ಹಲವು ಸಾವಿರ ವೋಲ್ಟ್ ಇರುತ್ತದೆ. ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ಮೂಲೆಯಲ್ಲಿ ಮಳೆಗೆ ನೆನೆದ ಲಂಟಾನ ಪೊದೆ ತಂತಿಯ ಮೇಲೆ ಮಲಗಿದ್ದನ್ನು ತಾತ ಕಂಡದ್ದೂ, ಮಚ್ಚಿನಿಂದ ಕಚಕ್ಕೆಂದು ಕಡಿದದ್ದೂ ಆಗಲೇ.

ಮೀಟರ್ ಚಟ್ ಎಂದಿತು. ನಾನು ಅಮ್ಮಾ ಎಂದೆ. "ಈಗ ಹೊಡೀತದೆ!" ಎಂದು ಆ ತುದಿಯಿಂದ ತಾತ ಕೂಗಿದರು.

ರಿಪೇರಿ ಅಂಗಡಿಗೆ ಹೋಗುವ ಮುನ್ನ ಈ ಸಲ ಸೆಲ್, ಫ್ಯೂಸ್, ಕಡ್ಡಿಯ ವೈರು ಎಲ್ಲ ನೋಡಿದೆ. ಎಲ್ಲ ಸರಿಯಿದ್ದವು, ಮೀಟರ್ ಒಂದನ್ನು ಬಿಟ್ಟು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ 'ಹೇಗೆ ಹಾಳಾಯಿತು?' ಎಂಬ ಸಾಲಿತ್ತು. ಪೆನ್ನು ಹಿಡಿದು ನಿಂತೇ ಇದ್ದೆ.

"ಆನೆ ತುಳೀತು ಅಂತ ಬರಿ" ಎಂದರು ಭಾವ. "ನಮ್ಮ ಕಡೆ ಯಾರೂ ತಿರುಗಿ ಕೇಳಲ್ಲ."