ನಂಬರ್ ಬದಲಾಯಿಸಿದ ಹುಡುಗ

ಅಮೆರಿಕದಲ್ಲಿ ಭೌತಶಾಸ್ತ್ರದ ಎಂ.ಎಸ್. ಓದುತ್ತಿದ್ದ ಮೈಸೂರಿನ ಹುಡುಗ ಒಂದೇ ವರ್ಷಕ್ಕೆ ಅದಕ್ಕೆ ಕೈಮುಗಿದು ಆಪ್ಟೊಮೆಟ್ರಿ ಶಾಲೆ ಸೇರಿದ. ಮಸೂರದಲ್ಲಿ ಬೆಳಕು ಬಾಗುವುದನ್ನು ಹಲಗೆಯ ಮೇಲೆ ಗೀಚಿ ಸಾಕಾಗಿತ್ತು, ಪಾಪ. ಮತ್ತೆ ನಾಲ್ಕು ವರ್ಷ!

ಅಮ್ಮನ ಪಾಡು ಕೇಳಬೇಡಿ. ‘ಕಣ್ಣಿನ ಡಾಕ್ಟರಾ?’ ಎಂದರು ಸೋದರತ್ತೆ. ಡಾಕ್ಟರ್ ಅಂತಲೇ ಕರೀತಾರೆ, ಆದರೆ ಎಂ.ಡಿ. ಅಲ್ಲ. ‘ಹಾಗಾದ್ರೆ ಕನ್ನಡಕದ ಅಂಗಡೀನಾ?’ ಅದೂ ಅಲ್ಲ. ಕಣ್ಣು ಪರೀಕ್ಷಿಸಿ ನಂಬರ್ ಬರೆದುಕೊಡೋದು. ‘ಅದಕ್ಕೆ ನಾಲ್ಕು ವರ್ಷವಾ? ನಮ್ಮ ಸರ್ಕಲ್ಲಿನ ಅಂಗಡಿಯವನು ಹತ್ತೇ ನಿಮಿಷಕ್ಕೆ ಕೊಡ್ತಾನಲ್ಲ!’

ಅಂಗಡಿಯಿರಲಿ, ಶಾಲೆಯಿರಲಿ, ಕಣ್ಣಿನ ಪರೀಕ್ಷೆಗೆಂದು ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕ ಇಂದಿಗೂ ಗೋಡೆ ಬಿಟ್ಟಿಲ್ಲ. ಸರಿಯಾದ ದೃಷ್ಟಿಗೆ ಅಮೆರಿಕದಲ್ಲಿ ಅಡಿಯ ಲೆಕ್ಕ, 20/20. ನಮ್ಮಲ್ಲಿ ಮೀಟರಿನದು, 6/6.

ರಜೆಗೆ ಬಂದವನು ಅತ್ತೆಯ ಕಣ್ಣೆದುರು ಮಸೂರ ಬದಲಿಸುತ್ತ ಕೇಳಿದ: ‘ಮೊದಲನೇದು ಚೆನ್ನಾಗಿದೆಯೋ, ಎರಡನೇದೋ?’

‘ಮೊದಲನೇ ಕೋರ್ಸೇ ಚೆನ್ನಾಗಿತ್ತು ಕಣೋ.’