ರಾಮದುರ್ಗ-ಸವದತ್ತಿ ಸೀಮೆಯ ದ್ವೀಪವಿಲಾಸ ಮೀಮಾಂಸೆ

ದ್ವೀಪಗಳಲ್ಲಿನ ಐಷಾರಾಮಿ ರೆಸಾರ್ಟುಗಳನ್ನು ಕುರಿತು ಈವರೆಗೆ ಬರೆದ ವಿದ್ವಾಂಸರೆಲ್ಲ ಸಮುದ್ರದ ಕಡೆ ಮುಖ ಮಾಡಿ ಕೂತವರು. ಮಾಲ್ಡೀವ್ಸಿನಲ್ಲಿ 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟು ತೆರೆಯಿತು, ಈ ಶಾಸ್ತ್ರದ ಆರಂಭ ಅಲ್ಲಿಂದಲೇ ಎಂಬುದು ಅವರ ಮತ. ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಅವರು ಅಡಿಟಿಪ್ಪಣಿಗೂ ಸೇರಿಸಿಲ್ಲ. ಸಮುದ್ರ ದೂರ ಇದೆ ಎಂಬ ಒಂದೇ ಕಾರಣಕ್ಕೆ ಒಂದು ಸೀಮೆಗೆ ದ್ವೀಪದ ಯೋಗ್ಯತೆ ಇಲ್ಲ ಎನ್ನುವುದು ಪಾಂಡಿತ್ಯವಲ್ಲ, ಪಕ್ಷಪಾತ.

ಮೊದಲು ಲಕ್ಷಣ. ನಾಲ್ಕೂ ಕಡೆ ನೀರಿರಬೇಕು. ಹೊರಗಿನವರು ದೋಣಿಯಲ್ಲೋ ಆಕಾಶಮಾರ್ಗದಲ್ಲೋ ಬರಬೇಕು. ಒಳಗಿದ್ದವರು ಎದ್ದು ಹೊರಟುಬಿಡುವಂತಿರಬಾರದು. ಊಟ ಹೊತ್ತುಹೊತ್ತಿಗೆ ಪರರ ಕೈಯಿಂದ ಬರಬೇಕು. ಮಾಡಲು ಏನೂ ಕೆಲಸವಿಲ್ಲದೆ ದಿನವಿಡೀ ನೀರು ನೋಡುತ್ತ ಕೂರುವಂತಿರಬೇಕು. ಈ ಐದೂ ಕೂಡಿದಲ್ಲಿ ದ್ವೀಪವಿಲಾಸ ಸಿದ್ಧಿಸುತ್ತದೆ. ‘ಅತಿಥಿಯ ಒಪ್ಪಿಗೆ’ ಎಂಬುದನ್ನು ಆರನೆಯ ಲಕ್ಷಣವಾಗಿ ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ನಮ್ಮ ಉದಾಹರಣೆಗಳೆಲ್ಲ ಬಿದ್ದುಹೋಗುವುದರಿಂದ ಅದನ್ನು ಇಲ್ಲಿ ಕೈಬಿಡಲಾಗಿದೆ.

ಪೂರ್ವಪಕ್ಷದವರು ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಮುಂದಿಡುತ್ತಾರೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಗಟ್ಟಲೆ ಜನ ಸೇರುವ, 2024ರ ನವೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಿಂದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರಾದ ಜಾಗ ಅದಲ್ಲವೇ ಎಂದು. ಅಲ್ಲ. ಅಲ್ಲಿಗೆ ಬರುವವರು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬುತ್ತಿ ಕಟ್ಟಿಕೊಂಡು ತಮ್ಮಷ್ಟಕ್ಕೆ ಬರುತ್ತಾರೆ, ಮೂರು ಕಲ್ಲಿಟ್ಟು ತಾವೇ ಒಲೆ ಹೂಡುತ್ತಾರೆ, ‘ಉಧೋ ಉಧೋ’ ಎನ್ನುತ್ತ ಮನಸ್ಸು ಬಂದಾಗ ಇಳಿದುಹೋಗುತ್ತಾರೆ. ಮೂರು, ನಾಲ್ಕನೆಯ ಲಕ್ಷಣಗಳೇ ಇಲ್ಲದ ಮೇಲೆ ಚರ್ಚೆಗೆ ಎಡೆಯಿಲ್ಲ.

ಸಿದ್ಧಾಂತಕ್ಕೆ ಬರೋಣ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯನ್ನು ನವಿಲುತೀರ್ಥದ ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ಸಾಮರ್ಥ್ಯ 37.73 ಟಿಎಂಸಿ ಅಡಿ, ಗರಿಷ್ಠ ಮಟ್ಟ 2079.50 ಅಡಿ. ಈ ಅಂಕಿಗಳು ಬಹಳ ವರ್ಷ ಕಾಗದದಲ್ಲೇ ಇದ್ದವು. ಅದು ತುಂಬುತ್ತಿದ್ದುದೇ ಅಪರೂಪ. ಇದರ ನೀರನ್ನು ಹುಬ್ಬಳ್ಳಿ-ಧಾರವಾಡ ಕುಡಿಯುತ್ತದೆ. ಇದರ ಕಾಲುವೆಯ ಅಭಿವೃದ್ಧಿ ಕರಕ್ಕೆ ರೋಸಿ 1980ರ ಜುಲೈಯಲ್ಲಿ ನರಗುಂದ-ನವಲಗುಂದದ ರೈತರು ಬಂಡಾಯ ಎದ್ದರು. ಇದರ ಬರಿದಾದ ಹೊಟ್ಟೆಗೆ ಮಹದಾಯಿ ನದಿಯಿಂದ 3.90 ಟಿಎಂಸಿ ತಿರುಗಿಸಿಕೊಳ್ಳಬಹುದೆಂದು 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ತೀರ್ಪು ಬಂದು ವರ್ಷ ತುಂಬುವ ಹೊತ್ತಿಗೆ, 2019ರ ಆಗಸ್ಟಿನಲ್ಲಿ, ಮೋಡಗಳು ಯಾವ ನ್ಯಾಯಮಂಡಳಿಯನ್ನೂ ಕೇಳದೆ ಜಲಾಶಯ ತುಂಬಿದವು. ಗೇಟು ಎತ್ತಿದರು. ಕೆಳಗಿನ ಮುನವಳ್ಳಿಯಲ್ಲೂ ರಾಮದುರ್ಗದ ಹೊಳೆದಂಡೆಯ ಹಳ್ಳಿಗಳಲ್ಲೂ ಹೊಳೆ ಮನೆಯೊಳಗೆ ಬಂತು. ಅದೇ ನೀರು ಮುಂದೆ ಪಟ್ಟದಕಲ್ಲಿನ ಗುಡಿಗಳನ್ನೂ ಹೊಕ್ಕಿತು. ಗುಡಿ ಕಟ್ಟಿಸಿದ ಚಾಲುಕ್ಯರಿಗೆ ಪರಿಹಾರ ಬಂದ ದಾಖಲೆ ಇಲ್ಲ. ‘ನಡುಗಡ್ಡೆಯಾದ ಗ್ರಾಮ’ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಮೊದಲ ಲಕ್ಷಣಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕೆ?

ಇನ್ನು ಸೇವೆ. ಮಾಲ್ಡೀವ್ಸಿನಲ್ಲಿ ಅತಿಥಿಯನ್ನು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಕರೆದೊಯ್ಯುತ್ತಾರೆ, ಅದಕ್ಕೆ ಡಾಲರು ತೆರಬೇಕು. ಬೆಳಗಾವಿ ಜಿಲ್ಲೆಗೆ ಎನ್‌ಡಿಆರ್‌ಎಫ್ ದೋಣಿಗಳೂ ವಾಯುಪಡೆಯ ಹೆಲಿಕಾಪ್ಟರುಗಳೂ ಬಂದವು, ಪುಕ್ಕಟೆ. ಅತಿಥಿಗಳು ಟ್ರಂಕು, ಎಮ್ಮೆ, ಜೋಳದ ಚೀಲ ತರುವಂತಿರಲಿಲ್ಲ. ಲಗೇಜಿನ ಮಿತಿ ಎಲ್ಲ ವಿಮಾನಗಳಲ್ಲೂ ಇದ್ದದ್ದೇ. ವಸತಿ ಸರ್ಕಾರಿ ಶಾಲೆಯ ಕೊಠಡಿಯಲ್ಲಿ, ಗೋಡೆಯ ಮೇಲಿನ ಮಗ್ಗಿ ನೋಡುತ್ತ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ಸಾರು. ನೆರೆ ಬಾರದ ಊರುಗಳ ಹೆಣ್ಣುಮಕ್ಕಳು ಬಡಿದು ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಾಡಿಗಟ್ಟಲೆ ಬಂದವು. ಈ ಒಂದು ಸೇವೆಯ ಬಗ್ಗೆ ಅಣಕಿಸಲು ಪ್ರಬಂಧಕಾರನಿಗೆ ಏನೂ ಸಿಕ್ಕಿಲ್ಲ. ಆಮೇಲೆ ಗಣ್ಯರ ದರ್ಶನ: ನೀರಿನಂಚಿನವರೆಗೆ ಕಾರು, ಅಲ್ಲಿ ಮೊಣಕಾಲುದ್ದ ಬೂಟು, ಹಿಂದೆ ಕ್ಯಾಮೆರಾ.

ಹೋಟೆಲುಗಳಿಗೆ ನಕ್ಷತ್ರ ಕೊಡುವ ಪದ್ಧತಿ ಇದೆಯಷ್ಟೆ. ನಮ್ಮಲ್ಲಿ ಅದನ್ನು ಕನ್ನಡಿಗರ ಸ್ವಭಾವಕ್ಕೆ ಒಗ್ಗುವಂತೆ ಎ, ಬಿ, ಸಿ ಎಂದು ಬದಲಿಸಲಾಯಿತು. ಪೂರ್ತಿ ಬಿದ್ದ ಮನೆ ‘ಎ’, ಐದು ಲಕ್ಷ ರೂಪಾಯಿ ಪರಿಹಾರ. ಅಲ್ಪಸ್ವಲ್ಪ ಬಿದ್ದದ್ದು ‘ಸಿ’, ಐವತ್ತು ಸಾವಿರ. ಜಗತ್ತಿನಲ್ಲಿ ಮತ್ತೆಲ್ಲಿಯೂ ಕಟ್ಟಡ ಹಾಳಾದಷ್ಟೂ ದರ್ಜೆ ಏರುವುದಿಲ್ಲ. ಗೋಡೆ ನಿಂತವನು ‘ನಮ್ಮದು ಎ’ ಎಂದು ಜಂಬ ಪಟ್ಟದ್ದೂ, ಗೋಡೆ ಬಿದ್ದವನು ‘ಸಿ’ಯಲ್ಲಿ ಕೂತದ್ದೂ ಉಂಟೆಂಬ ದೂರು ಉತ್ತರ ಕರ್ನಾಟಕದ ತುಂಬ ಕೇಳಿಬಂತು. ಹಣವೂ ಒಂದೇ ಸಲಕ್ಕಲ್ಲ. ತಳಪಾಯ ಹಾಕಿ ಫೋಟೋ, ಗೋಡೆ ಎಬ್ಬಿಸಿ ಫೋಟೋ, ಅದು ಮೊಬೈಲಿನಿಂದ ಇಲಾಖೆಗೆ ಏರಿದ ಮೇಲೆ ಮುಂದಿನ ಕಂತು. ಮಾಲ್ಡೀವ್ಸಿನ ಅತಿಥಿಯೂ ಫೋಟೋ ಏರಿಸುತ್ತಾನೆ, ಆದರೆ ಏರಿಸದಿದ್ದರೆ ಅವನ ಛಾವಣಿ ನಿಲ್ಲುವುದಿಲ್ಲ ಎಂಬ ಭಯ ಅವನಿಗಿಲ್ಲ.

ಸ್ಥಳೀಯ ಜೀವನದ ಮೇಲಿನ ಪರಿಣಾಮವೇ ಈ ಶಾಸ್ತ್ರದ ಕಗ್ಗಂಟು. ಮಾಲ್ಡೀವ್ಸಿನವರು ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಎಂಬ ನೀತಿಯಿಂದ, ಜನವಸತಿ ಇಲ್ಲದ ದ್ವೀಪಗಳಲ್ಲಿ ಅತಿಥಿಗಳನ್ನಿಟ್ಟು, ಊರಿನವರಿಗೂ ಅವರಿಗೂ ಗಂಟು ಬೀಳದಂತೆ ನೋಡಿಕೊಂಡರು. ಹೆಂಡ ರೆಸಾರ್ಟಿನಲ್ಲುಂಟು, ಊರಿನಲ್ಲಿಲ್ಲ. ಊರಿರುವ ದ್ವೀಪದಲ್ಲಿ ಅತಿಥಿಗೃಹ ನಡೆಸಿ ಸಾಮಾನ್ಯನೂ ನಾಲ್ಕು ಕಾಸು ಕಾಣಲು 2009ರವರೆಗೆ ಕಾಯಬೇಕಾಯಿತು. ರಾಮದುರ್ಗ ಪದ್ಧತಿಯಲ್ಲಿ ಈ ತೊಡಕೇ ಇಲ್ಲ. ಇಲ್ಲಿ ಅತಿಥಿಯೂ ಅವನೇ, ಸ್ಥಳೀಯನೂ ಅವನೇ. ತನ್ನ ಊರಿನಲ್ಲೇ ಅವನು ಪರಸ್ಥಳದವನಾಗಿ ಶಾಲೆಯ ಜಗಲಿಯಲ್ಲಿ ಕೂತು, ನೀರಿನಾಚೆ ತನ್ನ ಮನೆಯ ಮಾಳಿಗೆಯನ್ನು ದೃಶ್ಯವಾಗಿ ನೋಡುತ್ತಾನೆ. ರಾಮದುರ್ಗದ ನೇಕಾರರು ಮಗ್ಗದ ಕುಣಿಯಲ್ಲಿ ನಿಂತ ನೀರನ್ನು ಖಾಸಗಿ ಈಜುಕೊಳವೆಂದು ಗುರುತಿಸದೆ ಹೋದದ್ದು ಜಾಗೃತಿಯ ಕೊರತೆ. ಕಸದ ವಿಷಯದಲ್ಲೂ ನಾವೇ ಮುಂದು. ಮಾಲ್ಡೀವ್ಸಿನವರು ಕಸ ಒಯ್ದು ಹಾಕಲು 1992ರಿಂದ ತಿಲಫುಶಿ ಎಂಬ ಪ್ರತ್ಯೇಕ ದ್ವೀಪವನ್ನೇ ಇಟ್ಟುಕೊಂಡಿದ್ದಾರೆ. ಮಲಪ್ರಭೆ ಇಳಿಯುವಾಗ ಬಿಟ್ಟುಹೋದ ರಾಡಿಯನ್ನು ಮನೆಮನೆಗೂ, ಅಡಿಗೆಮನೆ ದೇವರಮನೆ ಎಂಬ ಭೇದವಿಲ್ಲದೆ, ಸಮನಾಗಿ ಹಂಚಲಾಗಿತ್ತು.

ಕ್ಷೇತ್ರಕಾರ್ಯಕ್ಕೆಂದು ಹೊಳೆದಂಡೆಗೆ ಹೋದಾಗ ವಹಿ ಕಂಡೊಡನೆ ಹಿರಿಯರೊಬ್ಬರು ಎದ್ದು ಬಂದರು. ‘ಯಾ ಆಫೀಸಿನವರ್ರೀ ಸಾಹೇಬ್ರ? ಸರ್ವೇಕ ಬಂದೀರೇನು?’ ಅಲ್ಲ, ಪ್ರಬಂಧ ಬರೆಯಲು ಎಂದೆ. ‘ಅದರಾಗ ರೊಕ್ಕಾ ಎಷ್ಟ ಕೊಡ್ತಾರ?’ ಅದರಲ್ಲಿ ರೊಕ್ಕವಿಲ್ಲ ಎಂದು ತಿಳಿಸಿ, ವಾಸ್ತವ್ಯದ ಅನುಭವ ಹೇಗಿತ್ತೆಂದು ಪ್ರಶ್ನಾವಳಿಯ ಮೊದಲ ಪ್ರಶ್ನೆ ಕೇಳಿದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಅದೇನರ ಬರಕೋರಿ, ಹೋದ ಸಲ ಲಿಸ್ಟಿನ್ಯಾಗ ನನ್ನ ಹೆಸರ ಬಿಟ್ಟಾರ. ಮುಂದ ಹೊಳಿ ಬಂದಾಗಾದ್ರೂ ಮೊದಲಕ ನನ್ನ ಹೆಸರ ಹಾಕ್ರಿ’ ಎಂದರು. ಅತಿಥಿ ತೃಪ್ತಿಯ ಕಾಲಮ್ಮಿನಲ್ಲಿ ‘ಮರುಬುಕಿಂಗ್ ಮಾಡಿದ್ದಾರೆ’ ಎಂದು ನಮೂದಿಸಲಾಯಿತು.