ಸ್ಲ್ಯಾಬ್‌ತನಕದ ಮೇಸ್ತ್ರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರಿಗೆ ಬೇಕಾದ ಟೈಲ್ಸ್ ಮೇಸ್ತ್ರಿ ಒಬ್ಬನಿರುತ್ತಾನೆ. ನೀವು ಫೋನ್ ಮಾಡಿದಾಗ ಮಾತ್ರ ಉಳಿದ ನಾಲ್ಕೂರಲ್ಲಿರುತ್ತಾನೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಅಷ್ಟು ಓಡಾಟವನ್ನು ಇವನು ಬೈಕಿನ ಹಿಂದೆ ಕಟಿಂಗ್ ಮಷಿನ್ ಕಟ್ಟಿಕೊಂಡು ಒಂದೇ ದಿನದಲ್ಲಿ ಮುಗಿಸುತ್ತಾನೆ.

ಬಂದವನೇ ಗೋಡೆಗೆ ರಸಮಟ್ಟ ಹಿಡಿಯುತ್ತಾನೆ. ಗುಳ್ಳೆ ಓಡುತ್ತದೆ. "ಪ್ಲಾಸ್ಟರ್ ಮಾಡಿದಾವ ಯಾರ್ರಿ?" ಯಾರ ಹೆಸರು ಹೇಳಿದರೂ ಉತ್ತರ ಒಂದೇ: "ಅದಕ್ಕ!"

ಆಮೇಲೆ ಎತ್ತರದ ಮಾತು. ಏಳಡಿ, ಬಾಗಿಲಮಟ್ಟ ಸಾಕು ಎನ್ನುತ್ತಾರೆ ಮನೆ ಕಟ್ಟಿಸುತ್ತಿರುವ ಮೇಷ್ಟ್ರು. "ಮ್ಯಾಲಿನ ಮೂರಡಿ ಬಿಟ್ರ ಹಬಿ ಬಡದು ಬಣ್ಣ ಪೊರಿ ಬಿಡ್ತೈತ್ರಿ ಮೇಷ್ಟ್ರ. ಪ್ಯಾಂಟ್ ಹಾಕ್ಕೊಂಡು ಅಂಗಿ ಬಿಟ್ಟಂಗಾಗ್ತೈತಿ." ಐದಡಿ-ಏಳಡಿ ಬಚ್ಚಲಿನ ಸುತ್ತಳತೆ 24 ಅಡಿ. ಮೂರಡಿ ಏರಿದರೆ 72 ಚದರಡಿ ಹೆಚ್ಚು. ಕೊರೆತಕ್ಕೆ, ಒಡಕಿಗೆ ಅಂತ ಇನ್ನಷ್ಟು. ಅವನ ಕೂಲಿಯೂ ಅಡಿ ಲೆಕ್ಕದ್ದೇ ಎಂಬುದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಮನೆಯವರು ಒಳಗಿನಿಂದಲೇ "ಸ್ಲ್ಯಾಬ್‌ತನಕ" ಎಂದು ತೀರ್ಪು ಕೊಟ್ಟಾಗಿರುತ್ತದೆ.

ಗುಜರಾತಿನ ಮೊರ್ಬಿಯ ಕ್ಯಾಟಲಾಗಿನಲ್ಲಿ ಕೆಳಗೆ ಡಾರ್ಕ್, ನಡುವೆ ಹೈಲೈಟರ್, ಮೇಲೆ ಲೈಟ್. ಮೇಸ್ತ್ರಿ ತಲೆಯಾಡಿಸುತ್ತಾನೆ. "ನಮ್ಮ ಬೋರಿನ ಸವಳು ನೀರು ಮೊರ್ಬಿಯವ್ರಿಗೇನ್ ಗೊತ್ರಿ? ಆರು ತಿಂಗಳಿಗೆ ಡಾರ್ಕೂ ಲೈಟ್ ಆಗ್ತೈತಿ."

ಅಡ್ವಾನ್ಸ್ ಮೊದಲು, ಮೊದಲ ಸಾಲು ಕೊನೆಗೆ. ಗೋಡೆಗೆ ಪಟ್ಟಿ ಹೊಡೆದು ಎರಡನೇ ಸಾಲಿನಿಂದ ಮೇಲಕ್ಕೆ ಹತ್ತುತ್ತಾನೆ. ನೆಲಕ್ಕೆ ವಾಟ ಕೊಟ್ಟು ಹಾಸಿದ ಮೇಲೆ ಅಡಿಯ ಸಾಲನ್ನು ಕೊರೆದು ಕೂರಿಸುತ್ತಾನೆ. ಸ್ಲ್ಯಾಬ್ ಕೆಳಗೆ ಬೆರಳಗಲದ ತುಂಡು ಉಳಿಯಬಾರದೆಂದು ಮೇಲಿನಿಂದ ಅಳೆದೇ ಆ ಪಟ್ಟಿ ಹೊಡೆದಿರುತ್ತಾನೆ. ಸ್ಲ್ಯಾಬ್ ಒಂದು ಮೂಲೆಯಲ್ಲಿ ಅರ್ಧ ಇಂಚು ಇಳಿದಿದ್ದರಂತೂ ಒಂದೊಂದು ಟೈಲನ್ನೂ ಓರೆಯಾಗಿ ಕೊರೆದು, ಏಣಿ ಹತ್ತಿ, ಸ್ಪೇಸರ್ ಇಟ್ಟು, ಗೆರೆಗೆ ಗೆರೆ ಕೂಡಿಸುವಷ್ಟರಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ. "ಅಷ್ಟೆತ್ತರದಾಗ ಹಲ್ಲಿ ಬಿಟ್ರ ಯಾರು ನೋಡ್ತಾರಪಾ?" ಎಂದರೆ ಸಿಟ್ಟು. "ಹಲ್ಲಿನೂ ಲೊಚಗುಟ್ಟಬಾರ್ದ್ರಿ."

ಗೃಹಪ್ರವೇಶಕ್ಕೆ ಹೊಸ ಅಂಗಿ ತೊಟ್ಟು ಬರುತ್ತಾನೆ. ಹೋಳಿಗೆ ಉಂಡು, ದೇವರಮನೆ ಕಡೆ ಹೊರಟ ಬೀಗರನ್ನು ಬಚ್ಚಲಿಗೆ ತಿರುಗಿಸುತ್ತಾನೆ. "ಒಂದರ ತುಂಡು ಕಾಣ್ತೈತೇನು ಹುಡುಕ್ರಿ ನೋಡೋಣು." ಬೀಗರು ಹೊಸ್ತಿಲಲ್ಲಿ ನಿಂತು ಕತ್ತೆತ್ತಿ ಹುಡುಕುತ್ತಾರೆ. ಎದುರಿಗೆಲ್ಲ ಇಡೀ ಟೈಲೇ. ಸೋತು, ತುಂಡೆಲ್ಲ ಎಲ್ಲಿ ಹೋಯಿತು ಎಂದು ಕೇಳುತ್ತಾರೆ.

"ಬಾಗ್ಲ ಹಿಂದ ಅದಾವ್ರಿ. ಬಾಗ್ಲ ತೆಗದಿದ್ರ ಮರಿಯಾಗಿರ್ತಾವ. ಹಾಕಿದ್ರ ಒಳಗಿನವ್ರ ಕಣ್ತುಂಬ ಸೋಪಿರ್ತೈತಿ!"